ಮೂರು ಮೂಲೆಯ ಅರಿಶಿನ

ಅರಸೀಕೆರೆಯ ಹನುಮಂತಯ್ಯನವರ ಜವಳಿ ಅಂಗಡಿಯಲ್ಲಿ, ಗಲ್ಲಾದ ಹಿಂದಿನ ಗೋಡೆಗೆ ಒಂದು ಬೋರ್ಡು ಹಾಕಿದ್ದರು: ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ.’ ಅದು ಗುರುತಿಲ್ಲದ ಗಿರಾಕಿಗಳಿಗೆ ಮಾತ್ರ. ಗುರುತಿನ ಮನೆಗಳಿಗೆ ಬೇರೆಯೇ ಕಾನೂನು. ಆ ಮನೆಗಳಲ್ಲಿ ಮದುವೆಯೋ ಗೃಹಪ್ರವೇಶವೋ ಬಂತೆಂದರೆ ಒಂದಷ್ಟು ರೇಷ್ಮೆ ಸೀರೆಗಳನ್ನು ಬಿಳಿ ಪಂಚೆಯಲ್ಲಿ ಕಟ್ಟಿ, ಗಂಟನ್ನೇ ಕೊಟ್ಟು ಕಳಿಸುತ್ತಿದ್ದರು. ಮನೆಯ ಹೆಂಗಸರು ಹರಡಿಕೊಂಡು ಕೂತು, ಹೆಗಲ ಮೇಲೆ ಹಾಕಿ ನೋಡಿ, ಒಬ್ಬರಿಗೊಬ್ಬರು ಮುಖ ಊದಿಸಿಕೊಂಡು, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ತಂದುಕೊಡುತ್ತಿದ್ದರು. ರಸೀದಿ ಇಲ್ಲ, ರುಜು ಇಲ್ಲ.

ವಾಪಸ್ ಬಂದ ಗಂಟನ್ನು ನೋಡುವುದಕ್ಕೂ ಒಂದು ಮರ್ಯಾದೆ ಇತ್ತು. ಸೀರೆ ಎಣಿಸಬಹುದು, ಅಂಚಿಗೆ ಪಿನ್ನು ಚುಚ್ಚಿದ ಚೀಟಿ ನೋಡಬಹುದು. ಮಡಿಕೆ ಬಿಚ್ಚಿ ನೋಡುವಂತಿಲ್ಲ. ಬಿಚ್ಚಿದರೆ ಆ ಮನೆಯವರನ್ನು ಎದುರಿಗೇ ಕಳ್ಳರು ಎಂದಂತೆ. ಹನುಮಂತಯ್ಯನವರ ತಂದೆಯ ಕಾಲದಲ್ಲಿ ಒಬ್ಬ ಗುಮಾಸ್ತ ಜಾವಗಲ್ಲಿನ ದೊಡ್ಡ ಮನೆಯೊಂದರ ಗಂಟಿನಲ್ಲಿ ಒಂದು ಸೀರೆ ಬಿಚ್ಚಿ ನೋಡಿದನಂತೆ. ಆ ಮನೆಯವರು ಅಂದಿನಿಂದ ತಿಪಟೂರಿಗೆ ಹೋಗಿ ಬಟ್ಟೆ ತೆಗೆದರೇ ಹೊರತು ಅರಸೀಕೆರೆಯಲ್ಲಿ ಒಂದು ಕರ್ಚೀಫನ್ನೂ ಕೊಳ್ಳಲಿಲ್ಲವಂತೆ. ಈ ಕತೆಯನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬನಿಗೂ ಹೇಳುತ್ತಿದ್ದರು.

ಹೀಗೆ ಗಂಟು ಹೋಗುತ್ತಿದ್ದ ಮನೆಗಳಲ್ಲಿ ಕೆಂಪಲಕ್ಷ್ಮಮ್ಮನದೂ ಒಂದು. ಗಂಡ ಜವರಣ್ಣನಿಗೆ ಹಾರನಹಳ್ಳಿಯಲ್ಲಿ ತೆಂಗಿನ ತೋಟ, ಮಗ ತಿಮ್ಮೇಶ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಆಕೆ ಓದಿದವಳಲ್ಲ, ಚೆಲುವೆ ಎನ್ನುವಂತೆಯೂ ಇರಲಿಲ್ಲ, ಮಾತು ಸ್ವಲ್ಪ ಒರಟು. ಆದರೆ ಬೀದಿಯಲ್ಲಿ ಯಾರ ಮನೆಯ ಶುಭಕಾರ್ಯಕ್ಕೂ ಸೀರೆ ಆರಿಸಲು ಆಕೆಯೇ ಬೇಕು. ಹನುಮಂತಯ್ಯನವರ ಅಂಗಡಿಗೆ ಯಾರಾದರೂ ಹೋಗಿ ‘ಕೆಂಪಲಕ್ಷ್ಮಮ್ಮನೋರು ಕಳಿಸಿದ್ರು’ ಎಂದರೆ ಸಾಕು, ಕುರ್ಚಿ ಬರುತ್ತಿತ್ತು, ಕಾಫಿ ಬರುತ್ತಿತ್ತು, ಗಂಟೂ ಬರುತ್ತಿತ್ತು. ಆಕೆಗೆ ಇದರ ಬಗ್ಗೆ ಹೆಮ್ಮೆಯಿತ್ತು. ಬಚ್ಚಿಟ್ಟುಕೊಳ್ಳುತ್ತಲೂ ಇರಲಿಲ್ಲ.

ಸೊಸೆ ಲಾವಣ್ಯ ಬೇಲೂರಿನವಳು. ಬಿ.ಕಾಂ. ಮುಗಿಸಿ, ಮದುವೆಗೆ ಮುಂಚೆ ಅಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸೈಬರ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಮದುವೆಯಾದ ಮೇಲೆ ಮಾಡಲು ಹೆಚ್ಚು ಕೆಲಸವಿರಲಿಲ್ಲ, ತಲೆ ಮಾತ್ರ ಚುರುಕಾಗಿಯೇ ಇತ್ತು. ಅತ್ತೆಯ ಹೆಸರಿಗೆ ಅಂಗಡಿಯ ಬಾಗಿಲು ಹೇಗೆ ತೆರೆಯುತ್ತದೆಂದು ಆಕೆ ಒಂದೇ ಸಲಕ್ಕೆ ಕಂಡುಕೊಂಡಳು. ವಾಪಸ್ ಬಂದ ಸೀರೆಯ ಮಡಿಕೆಯನ್ನು ಯಾರೂ ಬಿಚ್ಚುವುದಿಲ್ಲವೆಂದು ಎರಡನೆಯ ಸಲಕ್ಕೆ ಕಂಡುಕೊಂಡಳು.

ಮಿಕ್ಕಿದ್ದು ಸುಲಭ. ಹಾಸನದಲ್ಲಿ ರೇಷ್ಮೆಯಂತೆಯೇ ಹೊಳೆಯುವ ಆರ್ಟ್ ಸಿಲ್ಕ್ ಸೀರೆಗಳು ಅಗ್ಗವಾಗಿ ಸಿಗುತ್ತಿದ್ದವು. ಮದುವೆ ಸೀರೆಗಳ ಬಣ್ಣ ಎಲ್ಲ ಅಂಗಡಿಯಲ್ಲೂ ಹೆಚ್ಚುಕಡಿಮೆ ಅವೇ: ಕಡುಗೆಂಪು, ಗಿಳಿಹಸಿರು, ನೇರಳೆ, ಜರಿಯಲ್ಲಿ ಮಾವಿನಕಾಯಿ ಬುಟ್ಟಾ. ಅಂಥವನ್ನು ತಂದು ಬೀರುವಿನಲ್ಲಿ ಪೇರಿಸಿಟ್ಟಳು. ‘ತವರಿನಲ್ಲಿ ಮದುವೆ, ಅತ್ತೆ ಗಂಟು ಕೇಳಿದ್ದಾರೆ’ ಎಂದು ಅಂಗಡಿಯಿಂದ ಗಂಟು ಹೊರಿಸಿಕೊಂಡು ಬಂದು, ಅದರಲ್ಲೊಂದು ಅಸಲಿ ತೆಗೆದು, ಅದೇ ಬಣ್ಣದ ನಕಲಿಗೆ ಅದೇ ಚೀಟಿ, ಅದೇ ಪಿನ್ನು ಚುಚ್ಚಿ, ‘ಯಾವುದೂ ಒಪ್ಪಿಗೆಯಾಗಲಿಲ್ಲ’ ಎಂದು ವಾಪಸ್ ಕೊಡುತ್ತಿದ್ದಳು. ಧೈರ್ಯ ಬಂದ ಮೇಲೆ ಬಿಲ್ಲು ಹಾಕಿಸಿ ಕೊಂಡ ಸೀರೆಯನ್ನೂ ಹೀಗೇ ಬದಲಾಯಿಸಿ, ‘ಅತ್ತೆಗೆ ಬಣ್ಣ ಹಿಡಿಸಲಿಲ್ಲ’ ಎಂದು ದುಡ್ಡು ವಾಪಸ್ ತಂದಳು. ಗೋಡೆಯ ಬೋರ್ಡು ಅವಳನ್ನು ನೋಡುತ್ತಲೇ ಇತ್ತು.

ಅಸಲಿ ಸೀರೆಗಳು ಬೇಲೂರಿಗೆ, ತಮ್ಮ ರಘುವಿನ ಹತ್ತಿರ ಹೋಗುತ್ತಿದ್ದವು. ಅದು ಎರಡು ಸಾವಿರದ ಎಂಟನೆಯ ಇಸವಿ. ಇಂಟರ್ನೆಟ್ಟಿನಲ್ಲಿ ಯಾರು ಏನನ್ನು ಬೇಕಾದರೂ ಹರಾಜಿಗೆ ಇಡಬಹುದು, ದೆಹಲಿಯಲ್ಲೋ ಪುಣೆಯಲ್ಲೋ ಕೂತವರು ಕೊಳ್ಳಬಹುದು ಎನ್ನುವುದು ನಮ್ಮ ಕಡೆ ಇನ್ನೂ ಹಲವರಿಗೆ ಗೊತ್ತಿರಲಿಲ್ಲ. ರಘು ಸೀರೆಗಳನ್ನು ಹಳೇಬೀಡಿಗೆ ಒಯ್ದು, ದೇವಸ್ಥಾನ ಹಿಂದೆ ಕಾಣುವ ಹಾಗೆ ಹುಲ್ಲಿನ ಮೇಲೆ ಹರಡಿ ಫೋಟೋ ಹೊಡೆಯುತ್ತಿದ್ದ. ಕೆಳಗೆ ಲಾವಣ್ಯ ಇಂಗ್ಲಿಷಿನಲ್ಲಿ ‘ಹೊಯ್ಸಳ ರಾಣಿಯರ ಪರಂಪರೆಯ ಅಂಚು’ ಎಂದು ಬರೆಯುತ್ತಿದ್ದಳು. ಹಳೇಬೀಡಿನ ಗೋಡೆಯ ಮೇಲಿನ ಹೆಂಗಸರು ಮೈತುಂಬ ಒಡವೆ ಹಾಕಿಕೊಂಡಿದ್ದಾರೆಯೇ ಹೊರತು ಅವರ ಮೈಮೇಲೆ ಅಂಚಿನ ಸೀರೆ ಕಂಡವರು ಯಾರೂ ಇಲ್ಲ. ಕೊಳ್ಳುವವರು ಅಷ್ಟೆಲ್ಲ ಕೇಳುತ್ತಿರಲಿಲ್ಲ. ಹಣ ರಘುವಿನ ಖಾತೆಗೆ ಬರುತ್ತಿತ್ತು, ಸೀರೆ ಹಾಸನದಿಂದ ಕೊರಿಯರ್ ಹತ್ತುತ್ತಿತ್ತು.

ಕೆಂಪಲಕ್ಷ್ಮಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಸೊಸೆ ತವರಿನ ಮದುವೆಗಳಿಗೆಂದು ಆಗಾಗ ಗಂಟು ತರುತ್ತಾಳೆ, ಅವಳ ಬೀರುವಿನಲ್ಲಿ ಹೊಸ ಸೀರೆಗಳು ಬರುತ್ತವೆ, ಹೋಗುತ್ತವೆ ಎಂಬುದಷ್ಟೇ ಗೊತ್ತಿತ್ತು. ಆ ಸೀರೆಗಳು ಯಾರವೆಂದು ಕೇಳಿದಾಗ ಲಾವಣ್ಯ, ‘ನನ್ ತಮ್ಮ ಸೀರೆ ವ್ಯಾಪಾರ ಶುರು ಮಾಡಿದಾನೆ ಅತ್ತೆ, ಅವನದು’ ಎಂದಿದ್ದಳು. ಆಯಿತಲ್ಲ, ಹುಡುಗ ಏನೋ ಮಾಡುತ್ತಿದ್ದಾನೆ ಎಂದು ಆಕೆ ಸುಮ್ಮನಾದಳು. ಒಂದು ವಿಷಯ ಮಾತ್ರ ಆಕೆಯ ಮನಸ್ಸಿಗೆ ಚುಚ್ಚುತ್ತಿತ್ತು. ಮನೆಗೆ ಬಂದ ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಬೀರುವಿನಲ್ಲಿಡುವುದೆಂದರೇನು? ಓದಿದ ಹುಡುಗಿ, ಹೇಳಿದರೆ ಮುಖ ಸಣ್ಣ ಮಾಡಿಕೊಳ್ಳುತ್ತಾಳೆ. ಆದ್ದರಿಂದ ಲಾವಣ್ಯ ಇಲ್ಲದ ಹೊತ್ತಿನಲ್ಲಿ ತಾನೇ ಬೀರು ತೆಗೆದು, ಇಸ್ತ್ರಿ ಗೆರೆ ಕೆಡದ ಹಾಗೆ ಮಡಿಕೆ ಬಿಚ್ಚಿ, ಅರಿಶಿನದ ಬೊಟ್ಟಿಟ್ಟು, ಮತ್ತೆ ಹಾಗೇ ಮಡಿಸಿ ಇಡುತ್ತಿದ್ದಳು.

ಅರಿಶಿನ ಎಲ್ಲರ ಮನೆಯಲ್ಲೂ ಹಚ್ಚುತ್ತಾರೆ. ಕೆಲವರು ಸೆರಗಿಗೊಂದು ಬೊಟ್ಟು, ಕೆಲವರು ನಾಲ್ಕು ಮೂಲೆಗೂ. ಕೆಂಪಲಕ್ಷ್ಮಮ್ಮ ಮೂರು ಮೂಲೆಗೆ ಹಚ್ಚಿ ನಾಲ್ಕನೆಯದನ್ನು ಖಾಲಿ ಬಿಡುತ್ತಿದ್ದಳು. ಖಾಲಿ ಮೂಲೆ ಇನ್ನೊಂದು ಸೀರೆಯನ್ನು ಕರೆಯುತ್ತದೆ ಎಂದು ಆಕೆಯ ಅಜ್ಜಿ ಹೇಳಿಕೊಟ್ಟಿದ್ದಳು. ಅಜ್ಜಿಗೆ ಜೀವಮಾನದಲ್ಲಿ ಎಷ್ಟು ಸೀರೆ ಬಂದಿತ್ತೋ ಯಾರಿಗೂ ತಿಳಿಯದು.

ಕಣಕಟ್ಟೆಯ ಮೇಷ್ಟರೊಬ್ಬರು ಮಗಳ ಮದುವೆಗೆ ಹನುಮಂತಯ್ಯನವರಲ್ಲಿ, ಅವಸರಕ್ಕೆ ಮಡಿಕೆ ಬಿಚ್ಚಿಸದೆ, ಧಾರೆ ಸೀರೆ ಕೊಂಡರು. ಮನೆಯಲ್ಲಿ ಬಿಚ್ಚಿದರೆ ಒಳಗೆ ಆಗಲೇ ಅರಿಶಿನದ ಕಲೆ. ಯಾರೋ ಉಟ್ಟು ಬಿಟ್ಟದ್ದು ಎಂದು ಹೆಂಗಸರು ಹುಯಿಲೆಬ್ಬಿಸಿದರು. ಮೇಷ್ಟರ ಹೆಂಡತಿ ಅಂಚಿನ ಎಳೆ ಕಿತ್ತು ಬೆಂಕಿಗೆ ಹಿಡಿದಾಗ ಅದು ಪ್ಲಾಸ್ಟಿಕ್ಕಿನಂತೆ ಕರಗಿ ಮುದ್ದೆಯಾಯಿತು. ಮೇಷ್ಟರು ಸೀರೆ ಹಿಡಿದು, ಶನಿವಾರದ ಜನದ ನಡುವೆ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬಾಯಿಗೆ ಬಂದಂತೆ ಬೈದರು. ಹನುಮಂತಯ್ಯನವರು ತಲೆ ತಗ್ಗಿಸಿ ಬೇರೆ ಸೀರೆ ಕೊಟ್ಟು, ಅವರು ಹೋದ ಮೇಲೆ ಬೀರುಗಳನ್ನೆಲ್ಲ ತೆಗೆಸಿದರು. ಅಂಥವೇ ಇನ್ನೂ ಕೆಲವು ಸಿಕ್ಕವು.

ತಪ್ಪು ಯಾರದು ಎಂದು ಹುಡುಕಲು ಹನುಮಂತಯ್ಯನವರು ದೂರ ಹೋಗಲಿಲ್ಲ. ಗಂಟು ಕಟ್ಟುವುದು, ವಾಪಸ್ ಬಂದ ಗಂಟಿನ ಸೀರೆಗಳನ್ನು ಎಣಿಸಿ ಬೀರುವಿನಲ್ಲಿ ಜೋಡಿಸುವುದು ಬೀರೇಶನ ಕೆಲಸ. ಕಣಕಟ್ಟೆಯ ಬಡವರ ಮನೆಯ ಹುಡುಗ, ಮೀಸೆ ಮೂಡುವ ಮೊದಲೇ ಅಂಗಡಿ ಸೇರಿದವನು. ಹಿಂದಿನ ವರ್ಷ ಮದುವೆಯಾಗಿದ್ದ. ಅವನ ಹೆಂಡತಿ ಊರಿನಲ್ಲಿ ರೇಷ್ಮೆ ಉಟ್ಟುಕೊಂಡು ಓಡಾಡುತ್ತಾಳೆಂದು ಆಗಲೇ ಯಾರೋ ಕಿವಿಗೆ ಹಾಕಿದ್ದರು. ಅಸಲಿ ಮನೆಗೆ ಒಯ್ದು ನಕಲಿ ತಂದಿಟ್ಟಿದ್ದಾನೆ ಎಂದು ಹನುಮಂತಯ್ಯನವರು ತೀರ್ಮಾನಿಸಿದರು. ಗುರುತಿನ ಮನೆಯವರ ಮೇಲೆ ಅನುಮಾನ ಪಡುವುದು ಅವರಿಗೆ ಸಾಧ್ಯವೇ ಇರಲಿಲ್ಲ. ಕೆಲಸದವನ ಮೇಲೆ ಪಡುವುದು ಸಾಧ್ಯವಿತ್ತು.

ತನ್ನ ಮಗಳು ಕೋಮಲಳ ಸೀಮಂತಕ್ಕೆ ಹಸಿರು ಸೀರೆ ತೆಗೆಯಲೆಂದು ಕೆಂಪಲಕ್ಷ್ಮಮ್ಮ ಸೊಸೆಯನ್ನು ಕರೆದುಕೊಂಡು ಅಂಗಡಿಗೆ ಬಂದದ್ದು ಸೋಮವಾರ. ಲಾವಣ್ಯ ತಲೆನೋವು ಎಂದಳು, ಬಿಸಿಲು ಎಂದಳು. ಅತ್ತೆ ಬಿಡಲಿಲ್ಲ. ಎರಡು ದಿನ ಹಾರನಹಳ್ಳಿಯ ತೋಟದಲ್ಲಿದ್ದು ಬಂದ ಆಕೆಗೆ ಶನಿವಾರದ ಗಲಾಟೆ ತಿಳಿದಿರಲಿಲ್ಲ. ಒಳಗೆ ಹಾರನಹಳ್ಳಿಯ ಕಡೆಯ ಹೆಂಗಸರು ಮೂರ್ನಾಲ್ಕು ಮಂದಿ ಜಮಖಾನದ ಮೇಲೆ ಕೂತಿದ್ದರು. ಗಲ್ಲಾದ ಪಕ್ಕದಲ್ಲಿ ಬೀರೇಶ ಕೈಕಟ್ಟಿ ನಿಂತಿದ್ದ. ಅವನ ಮುಂದೆ ಹಾಸಿದ ಬಿಳಿ ಬಟ್ಟೆಯ ಮೇಲೆ ನಕಲಿ ಸೀರೆಗಳು ಬಿಚ್ಚಿಕೊಂಡು ಬಿದ್ದಿದ್ದವು.

“ಯಾಕಪ್ಪ ಬೀರೇಶ, ಹಿಂಗ್ ನಿಂತಿದೀಯ? ಮೈಗೆ ಉಸಾರಿಲ್ವಾ?” ಎಂದಳು ಕೆಂಪಲಕ್ಷ್ಮಮ್ಮ.

ಹನುಮಂತಯ್ಯನವರೇ ಹೇಳಿದರು. “ಅವನೇನು ಹೇಳ್ತಾನಮ್ಮ? ಅನ್ನ ಹಾಕಿದ ಅಂಗಡಿಗೇ ಕನ್ನ ಹಾಕಿದಾನೆ. ರೇಷ್ಮೆ ಎಲ್ಲ ಮನೆಗೆ ಸಾಗಿಸಿ ಈ ಚಿಂದಿ ತಂದಿಟ್ಟಿದಾನೆ. ನೋಡಿ, ಅವನ ಹೆಂಡ್ತಿ ಅರಿಶಿನ ಬೇರೆ ಹಚ್ಚಿದಾಳೆ. ಸಂಜೆ ಸ್ಟೇಷನ್ನಿಗೆ ಕಳಿಸ್ತೀನಿ.”

“ಅವ್ವಾ, ನಾನಲ್ಲ,” ಎಂದ ಬೀರೇಶ. “ನಮ್ಮನೇಲಿರೋದು ಒಂದೇ ರೇಷ್ಮೆ, ಧಾರೆ ಸೀರೆ. ಇವರೇ ಕೊಟ್ಟಿದ್ದು. ನೀವಾದ್ರೂ ಹೇಳ್ರವ್ವ ಇವರಿಗೆ.”

ಕೆಂಪಲಕ್ಷ್ಮಮ್ಮ ಹೇಳಬೇಕೆಂದೇ ಬಗ್ಗಿದಳು. ಬೀರೇಶ ಅಂಥವನಲ್ಲ ಎಂದು ಹೇಳುವುದು ಅವಳಿಗೆ ಕಷ್ಟವಿರಲಿಲ್ಲ, ಅವಳ ಮಾತಿಗೆ ಅಲ್ಲಿ ಬೆಲೆಯೂ ಇತ್ತು. ಬಗ್ಗಿದವಳ ಕಣ್ಣಿಗೆ ನೇರಳೆ ಸೀರೆಯ ಮೂಲೆಯ ಅರಿಶಿನ ಬಿತ್ತು. ಇನ್ನೊಂದು ಮೂಲೆ ಎತ್ತಿದಳು. ಮತ್ತೊಂದು. ನಾಲ್ಕನೆಯದನ್ನು ಎತ್ತಿ ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ಕೆಂಪು ಸೀರೆಯೂ ಹಾಗೇ, ಹಸಿರೂ ಹಾಗೇ. ಆಕೆ ಅಲ್ಲೇ ಕೂತಳು.

ತಮ್ಮನ ವ್ಯಾಪಾರ, ತವರಿನ ಮದುವೆಗಳು, ಬೀರುವಿಗೆ ಬಂದು ಹೋಗುತ್ತಿದ್ದ ಸೀರೆಗಳು, ಎಲ್ಲವೂ ಆಕೆಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಂಟರ್ನೆಟ್ಟು ಏನೆಂದು ತಿಳಿಯದಿದ್ದರೂ ಕಳ್ಳತನ ಏನೆಂದು ತಿಳಿಯುತ್ತಿತ್ತು. ತಲೆ ಎತ್ತಿ ಸೊಸೆಯನ್ನು ನೋಡಿದಳು. ಲಾವಣ್ಯ ಕಂಬಕ್ಕೆ ಒರಗಿ ನಿಂತು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದಳು. ಅವಳ ಹಣೆಯ ಮೇಲೆ ಬೆವರಿತ್ತು.

“ಈ ಅರಿಶಿನ ಇಟ್ಟಿದ್ದು ನಾನು,” ಎಂದಳು ಕೆಂಪಲಕ್ಷ್ಮಮ್ಮ.

ಹನುಮಂತಯ್ಯನವರು ನಕ್ಕರು. “ಏನಮ್ಮ ತಮಾಷೆ ಮಾಡ್ತೀರಿ. ಅರಿಶಿನ ಎಲ್ಲರ ಮನೇಲೂ ಹಚ್ತಾರೆ.”

“ಮೂರೇ ಮೂಲೆಗೆ ಯಾರೂ ಹಚ್ಚಲ್ಲ. ನಿಮ್ಮೆಂಡ್ರನ್ನ ಕೇಳಿ, ನಿಮ್ಮ ಮಗಳ ಮದ್ವೇಲಿ ಸೀರೆಗೆ ನಾನು ಅರಿಶಿನ ಇಡ್ವಾಗ ನಕ್ಕಿದ್ರು. ಬಿಚ್ಚಿ ನೋಡ್ರಿ, ಎಲ್ಲದ್ರಲ್ಲೂ ಒಂದ್ ಮೂಲೆ ಖಾಲಿ ಐತೆ.”

ಬೀರೇಶನೇ ಮುಂದೆ ಬಂದು ಒಂದೊಂದೇ ಸೀರೆಯ ಮೂಲೆಗಳನ್ನು ಹಿಡಿದು ತೋರಿಸಿದ. ಜಮಖಾನದ ಮೇಲಿದ್ದ ಹೆಂಗಸರು ತಮ್ಮ ಸೀರೆ ಬಿಟ್ಟು ಇತ್ತ ತಿರುಗಿದರು. ಹನುಮಂತಯ್ಯನವರ ನಗು ಮುಖದ ಮೇಲೆಯೇ ನಿಂತುಹೋಯಿತು.

“ಅಂದ್ರೆ ಇವು ನಿಮ್ಮ ಮನೇಲಿದ್ದವು,” ಎಂದರು.

“ಇದ್ದವು.”

“ಅಲ್ಲಿಂದ ಇಲ್ಲಿಗೆ ಹೆಂಗೆ ಬಂದವು?”

ಕೆಂಪಲಕ್ಷ್ಮಮ್ಮ ಮತ್ತೆ ಸೊಸೆಯ ಕಡೆ ನೋಡಿದಳು. ಹೊರಗೆ ರೈಲ್ವೆ ಸ್ಟೇಷನ್ನಿನ ಕಡೆ ಒಂದು ಆಟೋ ಹಾರ್ನು ಹೊಡೆಯುತ್ತ ಹೋಯಿತು. ಒಬ್ಬ ಮನುಷ್ಯ ‘ತಪ್ಪಾಯ್ತು’ ಎನ್ನಲು ಬೇಕಾಗುವ ಸಮಯಕ್ಕಿಂತ ಹೆಚ್ಚೇ ಸಮಯವನ್ನು ಆಕೆ ಕೊಟ್ಟಳು. ಲಾವಣ್ಯ ಫ್ಯಾನಿನಿಂದ ಕಣ್ಣು ಕೀಳಲಿಲ್ಲ.

ಆಗ ಕೆಂಪಲಕ್ಷ್ಮಮ್ಮ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದಳು. ಸೊಸೆ ಕಳ್ಳಿ ಎಂದಾದರೆ ಮಗನ ಸಂಸಾರ ಮುಗಿಯಿತು, ಕೋಮಲ ಗಂಡನ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ. ಸುಮ್ಮನಿದ್ದರೆ ಈ ಹುಡುಗ ಲಾಕಪ್ಪಿನಲ್ಲಿ. ತನ್ನದೇ ಎಂದರೆ? ವಯಸ್ಸಾದ ಹೆಂಗಸಿನ ಆಸೆ ಎಂದು ಜನ ನಾಲ್ಕು ದಿನ ನಗುತ್ತಾರೆ. ಇಷ್ಟು ವರ್ಷ ಬಾಳಿದ ಹೆಸರು, ಅಷ್ಟನ್ನು ತಡೆದುಕೊಳ್ಳುತ್ತದೆ. ಹಾಗೆಂದು ಆಕೆ ನಂಬಿದಳು.

“ನಾನೇ ಬದಲಾಯಿಸಿ ಕಳ್ಸಿದ್ದು,” ಎಂದಳು. “ನನ್ ಸೊಸೆ ಗಂಟು ತಂದ್ಕೊಟ್ಟು ವಾಪಸ್ ಒಯ್ಯೋಳು, ಅಷ್ಟೇಯ. ಅವಳಿಗೇನೂ ಗೊತ್ತಿಲ್ಲ. ರೇಷ್ಮೆ ಆಸೆಗೆ ತಗೊಂಡೆ, ಆಮೇಲೆ ಮಾರ್ಕೊಂಡೆ. ನಿಮ್ಮ ಬಾಬ್ತು ನಮ್ಮೆಜಮಾನ್ರು ತೀರುಸ್ತಾರೆ.”

ಹನುಮಂತಯ್ಯನವರು ‘ಸಾಧ್ಯವೇ ಇಲ್ಲ’ ಎನ್ನುತ್ತಾರೆಂದು ಆಕೆ ಒಳಗೊಳಗೇ ಕಾಯುತ್ತಿದ್ದಳು. ಗದರಿಸಿ, ನಿಜ ಹೇಳಿ ಎನ್ನುತ್ತಾರೆ, ನಿಮ್ಮನ್ನು ನಾನು ಕಾಣೆನೇ ಎನ್ನುತ್ತಾರೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಅದಕ್ಕೇ ಇತ್ತೀಚೆಗೆ ಗಂಟು ಅಷ್ಟೊಂದು ಸಲ ಹೋಗ್ತಿತ್ತು,” ಎಂದರು. “ನನಗೂ ಒಂದು ಅನುಮಾನ ಇತ್ತು. ಇರಲಿ ಬಿಡಿ. ಪೊಲೀಸು ಗಿಲೀಸು ಬೇಡ. ಹೆಂಗಸರು ನೀವು. ಆದ್ರೆ ಇನ್ನು ಈ ಅಂಗಡಿ ಮೆಟ್ಟಿಲು ಹತ್ತಬೇಡಿ.”

ನಂಬಲು ಅವರಿಗೆ ಕನ್ನಡಕ ಒರೆಸುವಷ್ಟು ಹೊತ್ತು ಸಾಕಾಗಿತ್ತು.

ಎದ್ದು ಹೊರಟವಳ ಮುಂದೆ ಬೀರೇಶ ಅಡ್ಡ ಬಂದ. ಅವನು ಕೈಮುಗಿಯುತ್ತಾನೆಂದು ನೋಡಿದವರೆಲ್ಲ ಅಂದುಕೊಂಡರು. ಅವನು ಕೈಮುಗಿಯಲಿಲ್ಲ.

“ಶನಿವಾರದಿಂದ ನಾನು ಅನ್ನ ಉಂಡಿಲ್ಲ,” ಎಂದ. “ನನ್ನೆಂಡ್ರನ್ನ ಬೀದಿಯೋರೆಲ್ಲ ಕಳ್ಳನೆಂಡ್ತಿ ಅಂದ್ರು. ನಿಮಗೆ ಸೀರೆ ಬೇಕಿದ್ರೆ ಕೇಳಿದ್ರೆ ನಾನೇ ಸಾಲಕ್ಕೆ ಕೊಡಿಸ್ತಿದ್ದೆ. ನಿಮ್ಮನ್ನ ದೊಡ್ಡೋರು ಅಂದ್ಕೊಂಡಿದ್ದೆ.”

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೆಂಪಲಕ್ಷ್ಮಮ್ಮ ಮೆಟ್ಟಿಲಿಳಿದು ಚಪ್ಪಲಿ ಹುಡುಕಿಕೊಂಡಳು.

ಆಟೋದಲ್ಲಿ ಲಾವಣ್ಯ ಅಳಲು ಶುರುಮಾಡಿದಳು. ಡ್ರೈವರಿಗೆ ಕೇಳಿಸದ ಹಾಗೆ ಅತ್ತಳು, ಅಷ್ಟರಮಟ್ಟಿಗೆ ಅವಳಿಗೆ ಎಚ್ಚರವಿತ್ತು. “ಅತ್ತೆ, ನಾನು ಹೇಳ್ಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ನೀವೇ ಹೇಳ್ಬಿಟ್ರಿ. ಇವತ್ತಿಗೇ ನಿಲ್ಲಿಸ್ಬಿಡ್ತೀನಿ, ರಘೂಗೂ ಫೋನ್ ಮಾಡಿ ಹೇಳ್ತೀನಿ. ನಿಮ್ಮ ಋಣ ನಾನು ಯಾವತ್ತೂ ಮರೆಯಲ್ಲ.”

“ನಾನು ಕಾದೆ ಕಣವ್ವ,” ಎಂದಳು ಕೆಂಪಲಕ್ಷ್ಮಮ್ಮ. “ನೀನು ಫ್ಯಾನ್ ನೋಡ್ತಿದ್ದೆ.”

ಸೊಸೆಯ ಮೇಲೆ ಆಕೆಗೆ ಕೋಪ ಬಂದಿತ್ತು, ಕೆನ್ನೆಗೆ ಬಾರಿಸುವಷ್ಟು ಬಂದಿತ್ತು. ಆದರೆ ಮಾಡಿದ ಮೇಲೆ ಮುಗಿಯಿತು, ಮನೆ ಉಳಿಯಿತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಊರವರು ಏನಾದರೂ ಅನ್ನಲಿ. ಮನೆಯವರು ನಂಬುವುದಿಲ್ಲ. ಗಂಡ ತೋಟದಿಂದ ಬಂದು ಕೇಳಿದರೆ, ಮಗ ಕಚೇರಿಯಿಂದ ಬಂದು ಕೇಳಿದರೆ, ಒಂದು ಸಲ ಮುಖ ನೋಡಿದರೆ ಅವರಿಗೆ ತಿಳಿಯುತ್ತದೆ. ಯಾರನ್ನು ಉಳಿಸಲು ಹಾಗೆ ಹೇಳಿದಳೆಂದು ಅವರೇ ಊಹಿಸುತ್ತಾರೆ. ಬಾಯಿ ಬಿಟ್ಟು ಹೇಳಬೇಕಾಗಿಯೇ ಇಲ್ಲ.

ಅರಸೀಕೆರೆಯೇನು ದೊಡ್ಡ ಊರಲ್ಲ. ಸಂಜೆ ತಿಮ್ಮೇಶ ಕಚೇರಿ ಬಿಟ್ಟು ಮನೆಗೆ ಬರುವುದರೊಳಗೆ ಸುದ್ದಿ ಅವನಿಗೆ ಮೂರು ಕಡೆ ಸಿಕ್ಕಿತ್ತು. ಚಪ್ಪಲಿ ಬಿಟ್ಟು, ಮುಖ ತೊಳೆಯದೆ, ನೇರ ಅಡುಗೆಮನೆಗೆ ಬಂದ. ಕೆಂಪಲಕ್ಷ್ಮಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಲಾವಣ್ಯ ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದಳು. ಅವಳ ಕೈ ನಿಂತಿತು.

ತಿಮ್ಮೇಶ ಕೂಗಾಡಲಿಲ್ಲ. ತಾಯಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅವಳ ಮುಖವನ್ನೇ ನೋಡಿದ. ಆಕೆಯೂ ತಿರುಗಿ, ಚೆನ್ನಾಗಿ ನೋಡಲಿ ಎಂದು ಮುಖ ಕೊಟ್ಟಳು.

“ಯಾಕವ್ವ ಹಿಂಗ್ ಮಾಡ್ದೆ?” ಎಂದ. ಅವನ ಕಣ್ಣಲ್ಲಿ ನೀರಿತ್ತು. “ಬಾಯ್ಬಿಟ್ಟು ಕೇಳಿದ್ರೆ ನಾನು ಕೊಡಿಸ್ತಿರ್ಲಿಲ್ವಾ? ನನ್ನದೇ ತಪ್ಪು, ನಿನಗೇನು ಬೇಕು ಅಂತ ಒಂದು ದಿನಾನೂ ಕೇಳ್ಲಿಲ್ಲ.”

ಕೆಂಪಲಕ್ಷ್ಮಮ್ಮ ಕೈಯಲ್ಲಿದ್ದ ಕೋಲನ್ನು ಬಿಡದೆ ಹಾಗೇ ಕೂತಳು. ತೂಬು ಒಡೆದಂತೆ ಎಲ್ಲವನ್ನೂ ಹೇಳಿಬಿಡಬೇಕೆಂದು ಆ ಕ್ಷಣ ಅನ್ನಿಸಿತು. ಕಾಯಿ ತುರಿಯುವವಳು ಬಾಯಿ ಬಿಡುತ್ತಾಳೇನೋ ಎಂದು ಇನ್ನೊಂದು ಸಲ ಕಾದಳು. ಆಮೇಲೆ, “ಕೇಳಕ್ಕೆ ನಾಚ್ಕೆ ಆಯ್ತು ಕಣಪ್ಪ,” ಎಂದಳು.

ತಿಮ್ಮೇಶ ತಾಯಿಯ ಬೆನ್ನು ಸವರಿದ. “ಆಗಿದ್ದು ಆಯ್ತು. ಇನ್ಮೇಲೆ ಏನ್ ಬೇಕಿದ್ರೂ ಲಾವಣ್ಯನ್ನ ಕೇಳು. ಅವಳ ಕೈಲಿ ದುಡ್ಡು ಕೊಟ್ಟಿರ್ತೀನಿ. ನಿನ್ನ ಬೀರು ಬೀಗದಕೈಯೂ ಅವಳ ಹತ್ರಾನೇ ಇರ್ಲಿ ಅವ್ವ, ಬೇಜಾರ್ ಮಾಡ್ಕೋಬೇಡ.”

ಕೆಂಪಲಕ್ಷ್ಮಮ್ಮ ಸೊಂಟದಿಂದ ಬೀಗದಕೈ ಗೊಂಚಲು ತೆಗೆದು ನೆಲದ ಮೇಲಿಟ್ಟಳು. ಲಾವಣ್ಯ ತುರಿದ ಕಾಯಿಯನ್ನು ಬಟ್ಟಲಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಅದನ್ನು ಎತ್ತಿಕೊಂಡಳು.